ಕಿಲಿಮಂಜಾರೋದಲ್ಲಿ ಹಾಕಿದ ಗಂಟು

ಮೋಶಿ: ಬೆಟ್ಟ ಕಾಣುವುದಿಲ್ಲ

ಬೆಟ್ಟ ಎಲ್ಲಿ ಅಂದೆ. ತಮ್ಮ ಕೈ ಎತ್ತಿ ತೋರಿಸಿದ. ಅಲ್ಲಿ ಮೋಡ ಬಿಟ್ಟರೆ ಏನೂ ಇರಲಿಲ್ಲ. ಮೋಡದ ಕೆಳಗೆ ಹುಡುಕಿದೆ, ಅಕ್ಕಪಕ್ಕ ಹುಡುಕಿದೆ. "ಅಲ್ಲಲ್ಲ, ಮ್ಯಾಲೆ ನೋಡು," ಎಂದ. ಮೇಲೆ ನೋಡಿದರೆ ಅಲ್ಲೂ ಮೋಡ. ಆಫ್ರಿಕಾದಲ್ಲೇ ಎತ್ತರದ ಬೆಟ್ಟವಂತೆ, ತಲೆಯ ಮೇಲೆ ಹಿಮ ಹೊತ್ತಿದೆಯಂತೆ. ಅಷ್ಟು ದೊಡ್ಡದನ್ನು ಬಚ್ಚಿಡಲು ಎಷ್ಟು ಮೋಡ ಬೇಕಾದೀತು ಎಂದು ಲೆಕ್ಕ ಹಾಕುತ್ತಾ ನಾನು ತಮ್ಮನ ಜೀಪು ಹತ್ತಿದೆ.

ನಾನು ಕೊಣನೂರಿನಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿಯವನು. ಈವರೆಗೆ ಹತ್ತಿದ ದೊಡ್ಡ ಎತ್ತರವೆಂದರೆ ಶ್ರವಣಬೆಳಗೊಳದ ಮೆಟ್ಟಿಲು, ಅದೂ ನಡುವೆ ಎರಡು ಸಲ ಕೂತು. ಅಂಥವನು ಟಾಂಜಾನಿಯಾ ದೇಶದ ಮೋಶಿ ಎಂಬ ಊರಿಗೆ ಬೆಟ್ಟ ಹತ್ತಲು ಬಂದೆ ಅಂದರೆ ಕಾರಣ ಮಾದೇವ. ಅವನು ನನ್ನ ಒಬ್ಬನೇ ತಮ್ಮ. ಮೋಶಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಆರು ವರ್ಷದಿಂದ ಬಾಯ್ಲರ್ ಫಿಟ್ಟರ್ ಆಗಿದ್ದಾನೆ. ಅವನ ಹೆಂಡತಿ ಮಗಳ ಓದಿಗೆಂದು ಚನ್ನರಾಯಪಟ್ಟಣದ ತವರಿನಲ್ಲಿದ್ದಾಳೆ. ಮೂರು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟವನು ಇದ್ದಕ್ಕಿದ್ದಂತೆ ಫೋನಿಗೆ ಧ್ವನಿ ಕಳಿಸಿದ್ದ. "ಅಣ್ಣ, ಟಿಕೆಟ್ ಕಳ್ಸಿದೀನಿ. ಬಾ. ಬೆಟ್ಟ ಅತ್ತಣ." ಅಷ್ಟೇ.

ಮಾತು ಬಿಟ್ಟದ್ದು ಯಾಕೆಂದು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಅವ್ವ ತೀರಿಕೊಂಡಳು. ಸುದ್ದಿ ಕೇಳಿದ ತಕ್ಷಣ ಹೊರಟ ಮಾದೇವ ಮಾರನೇ ದಿನ ಮಧ್ಯಾಹ್ನ ಬೆಂಗಳೂರಿನಲ್ಲಿ ಇಳಿದು ಫೋನು ಮಾಡಿದ. "ಇಳ್ದೆ ಕಣಣ್ಣ. ಕಾಯ್ತೀಯ ತಾನೆ?" ಅಂದ. "ಕಾಯ್ತೀನಿ ಬಾ ಕಣ್ಲಾ," ಅಂದೆ. ಕಾಯಲಿಲ್ಲ. ಹೊತ್ತು ಮುಳುಗುವುದರೊಳಗೆ ಆಗಬೇಕು ಎಂದು ಹಿರಿಯರು ಅವಸರ ಮಾಡಿದರು, ನಾನು ತಲೆಯಾಡಿಸಿದೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗುಂಡಿಯೊಳಗೆ ಕೂರಿಸಿ, ವಿಭೂತಿ ಇಟ್ಟು, ಮಣ್ಣು ಕೊಡುತ್ತೇವೆ. ಅವ್ವನಿಗೆ ಮಣ್ಣು ಕೊಡುವ ಹೊತ್ತಿಗೆ ಮಾದೇವ ಚನ್ನರಾಯಪಟ್ಟಣದಲ್ಲಿದ್ದ. ಇನ್ನು ಎರಡು ಗಂಟೆಯ ದಾರಿ. ಬಂದವನು ಹಸಿ ಮಣ್ಣಿನ ಗುಡ್ಡೆ ನೋಡಿದ, ನನ್ನ ಮುಖ ನೋಡಿದ. ಕಾರ್ಯ ಮುಗಿಯುವ ತನಕ ಇದ್ದು, ಮಾತಾಡದೆ ಹೊರಟುಹೋದ.

ಅದು ನನ್ನ ತಪ್ಪೆಂದು ನಾನು ಯಾರ ಹತ್ತಿರವೂ ಒಪ್ಪಿದವನಲ್ಲ. ಹಿರಿಯರ ಮಾತು, ಬಿಸಿಲು, ಶಾಸ್ತ್ರ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ; ಕೇಳದವರಿಗೂ ಹೇಳುತ್ತಿದ್ದೆ. ಈಗ ಇವನು ಬೆಟ್ಟ ಹತ್ತಣ ಅಂತಾನಲ್ಲ, ಯಾಕೆ? ಬಯ್ಯಲೋ, ಮೇಲಿಂದ ತಳ್ಳಲೋ? ಹೆಂಡತಿ ಗಿರಿಜೆಯನ್ನು ಕೇಳಿದೆ. ದಾರಿಗೆಂದು ಒಣರೊಟ್ಟಿ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಓಗ್ ಬನ್ನಿ. ಬಯ್ದ್ರೆ ಬಯ್ಸ್ಕಳಿ. ಅಷ್ಟು ದೂರ ಕರುಸ್ಕಂಡು ಬಯ್ತಾನೆ ಅಂದ್ರೆ ಇನ್ನೂವೆ ಅಣ್ಣ ಅಂತ ಅಂದ್ಕಂಡವ್ನೆ ಅಂತ ತಾನೆ?" ಎಂದಳು.

ಮೋಶಿಯ ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂರಬೇಕು, ಯಾವ ಕಡೆ ಮುಖ ಮಾಡಬೇಕೋ ತಿಳಿಯಲಿಲ್ಲ. ವಿಮಾನದಲ್ಲಿ ಮಲಗಿ ಎದ್ದ ಮೇಲೆ ನನ್ನ ದಿಕ್ಕುಗಳೆಲ್ಲ ಕಲೆಸಿಹೋಗಿದ್ದವು. ಇಲ್ಲಿಯ ನಡುಮಧ್ಯಾಹ್ನದ ನೆರಳು ಕೂಡ ನಮ್ಮೂರಿನದಕ್ಕೆ ತಿರುಗಮುರುಗಾಗಿ ಬೀಳುತ್ತದೆ. "ಮೂಡ್ಲು ಯಾವ್ ಕಡೀಕ್ಲಾ?" ಎಂದು ಕೇಳಿದೆ. ಮಾದೇವ ಟೀ ಕುಡಿಯುತ್ತಾ ಗೋಡೆಯ ಕಡೆ ಬೆರಳು ತೋರಿಸಿದ.

ಮರಂಗು: ಎರಡು ಗಂಟೆಯ ಗೊಂದಲ

ಬೆಟ್ಟದ ಬುಡದ ಮರಂಗು ಎಂಬ ಊರಿಗೆ ಹೋಗಿ ಒಂದು ಮನೆಯಲ್ಲಿ ಇಳಿದುಕೊಂಡೆವು. ಹಿಮದ ತುದಿಯ ತನಕ ಹತ್ತುವವರು ಐದಾರು ದಿನ ತೆಗೆದುಕೊಳ್ಳುತ್ತಾರೆ. ನಮ್ಮದು ಹಾಗಲ್ಲ. ಒಂದು ದಿನ ಊರ ತೋಟಗಳಲ್ಲಿ ನಡಿಗೆ, ಇನ್ನೊಂದು ದಿನ ಕಾಡಿನೊಳಗೆ ಹತ್ತಿ ಮಂದಾರಾ ಎಂಬ ತಂಗುದಾಣ ಮುಟ್ಟಿ ಸಂಜೆಯೊಳಗೆ ಇಳಿಯುವುದು. ದಾರಿ ತೋರಿಸಲು ಅಗ್ನೆಸ್ ಎಂಬ ಹೆಂಗಸು. ನಲವತ್ತೈದರ ಆಸುಪಾಸು, ಗಟ್ಟಿ ಕಾಲು, ಮೆಲು ಮಾತು. ಬರಿ ಹೆಸರು ಹಿಡಿದು ಕರೆಯಲು ನಾಲಿಗೆ ಬರಲಿಲ್ಲ, ಅಗ್ನೆಸಮ್ಮ ಅಂದೆ. ಅವರಿಗೆ ಅದು ಇಷ್ಟವಾಯಿತು.

ಮೊದಲ ದಿನ ಎರಡು ಗಂಟೆಗೆ ಬರುತ್ತೇನೆ ಎಂದು ಅವರು ಹೇಳಿ ಕಳಿಸಿದ್ದರು. ಮಧ್ಯಾಹ್ನ ತಾನೆ ಎಂದು ನಾನು ಲುಂಗಿಯಲ್ಲಿ, ಬಾಯಿ ತುಂಬ ಪೇಸ್ಟು ಇಟ್ಟುಕೊಂಡು ನಿಂತಿದ್ದೆ. ಬೆಳಿಗ್ಗೆ ಎಂಟಕ್ಕೆ ಅಗ್ನೆಸಮ್ಮ ಬಾಗಿಲಲ್ಲಿ ಹಾಜರು. ಮಾದೇವ ಆ ಪ್ರವಾಸದಲ್ಲಿ ಮೊದಲ ಸಲ ಸ್ವಲ್ಪ ಉದ್ದದ ಮಾತಾಡಿದ. "ಇಲ್ಲಿ ಹೊತ್ತು ಉಟ್ದಾಗಿಂದ ಎಣಿಸ್ತಾರೆ. ಏಳು ಗಂಟೆ ಅಂದ್ರೆ ಒಂದು, ಎಂಟು ಅಂದ್ರೆ ಎರಡು." ಕೇಳಿದ ಮೇಲೆ ಅದೇ ಸರಿ ಅನ್ನಿಸಿತು. ನಮ್ಮ ತಾತನೂ ಹೊತ್ತು ಹುಟ್ಟಿ ಇಷ್ಟು ಗಳಿಗೆ ಎಂದೇ ಹೇಳುತ್ತಿದ್ದ. ಆದರೂ ನನ್ನ ಗಡಿಯಾರ ನೋಡಿ ಆರು ಕಳೆಯುವುದೋ ಕೂಡುವುದೋ ಎಂಬುದು ಕೊನೆಯ ದಿನದವರೆಗೂ ಬಗೆಹರಿಯಲಿಲ್ಲ.

ತೋಟಕ್ಕೆ ಕಾಲಿಟ್ಟರೆ ಊರಿಗೇ ಬಂದಂತಾಯಿತು. ಬಾಳೆಯ ನೆರಳಲ್ಲಿ ಕಾಫಿ, ಕಾಫಿಯ ಬುಡದಲ್ಲಿ ಕೆಸ, ನಡುವೆ ನೀರಿನ ಕಾಲುವೆ. ಬೆಟ್ಟದಿಂದ ಇಳಿಯುವ ನೀರನ್ನು ಪಂಪಿಲ್ಲದೆ, ಪೈಪಿಲ್ಲದೆ ಮಣ್ಣಿನ ಕಾಲುವೆಯಲ್ಲೇ ಮನೆಮನೆಗೆ ತಿರುಗಿಸಿದ್ದಾರೆ. ಯಾರ ಸರದಿ ಯಾವಾಗ ಎಂದು ಊರವರು ಕೂತು ಗೊತ್ತು ಮಾಡುತ್ತಾರಂತೆ. ನನ್ನಂಥ ವ್ಯಾಪಾರಿಗೆ ಇಲ್ಲಿ ಅನ್ನವಿಲ್ಲ ಎಂದುಕೊಂಡು ಕಾಲುವೆಯ ವಾಟ, ಅಂದರೆ ಇಳಿಜಾರು, ನೋಡುತ್ತಾ ಹಿಂದೆ ಸರಿದವನು ಅದರೊಳಗೇ ಕೂತುಬಿಟ್ಟೆ.

"ಪೋಲೆ!" ಎಂದರು ಅಗ್ನೆಸಮ್ಮ. "ಪೋಲೆ!" ಎಂದಳು ಬಾಳೆಗೊನೆ ಹೊತ್ತ ಹೆಂಗಸು. ಬೇಲಿಯಾಚೆಯ ಮುದುಕ ಎದ್ದು ನಿಂತು "ಪೋಲೆ" ಎಂದ. ಪೋಲೆ ಅಂದರೆ ನೊಂದುಕೊಂಡೆ ಅಂತ, ಪೋಲೆ ಪೋಲೆ ಅಂದರೆ ಮೆಲ್ಲಗೆ ಅಂತ. ಬಿದ್ದವನು ನಾನು, ತಳ್ಳಿದವರು ಯಾರೂ ಇಲ್ಲ, ಊರೆಲ್ಲ ನೊಂದುಕೊಳ್ಳುತ್ತಿದೆ. ನಮ್ಮಲ್ಲಾದರೆ ಮೊದಲು ನಗುತ್ತಾರೆ, ಆಮೇಲೆ ಕಣ್ಣು ಎಲ್ಲಿತ್ತು ಎಂದು ಕೇಳುತ್ತಾರೆ, ಮೂರನೆಯದಾಗಿ ಕೈ ಕೊಡುತ್ತಾರೆ. ಮಾದೇವ ಮುಂದೆ ನಡೆಯುತ್ತಿದ್ದವನು ತಿರುಗಿ ನೋಡಿದ, ಏಟು ಬಿದ್ದಿಲ್ಲವೆಂದು ತಿಳಿದುಕೊಂಡು ಮತ್ತೆ ನಡೆದ. ಆ ಊರಿನಲ್ಲಿ ಪೋಲೆ ಅನ್ನದವನು ಅವನೊಬ್ಬನೇ.

ಬೇಲಿಗಳ ಉದ್ದಕ್ಕೂ ಒಂದೇ ಜಾತಿಯ ಗಿಡ. ಆಳೆತ್ತರ, ಮುಸುಕಿನ ಜೋಳದ ಗರಿಯಂಥ ಉದ್ದನೆಯ ಹೊಳೆಯುವ ಎಲೆ. ಹೆಸರು ಕೇಳಿದೆ. "ಇಸಾಲೆ," ಎಂದರು ಅಗ್ನೆಸಮ್ಮ. ಇನ್ನೇನೋ ಹೇಳಲು ಹೋದರು. ಅವರ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಸೇರಿದರೂ ಒಂದು ಇಂಗ್ಲಿಷು ಆಗುತ್ತಿರಲಿಲ್ಲ. ಹೂಂ ಹೂಂ ಎಂದು ತಲೆಯಾಡಿಸಿ, ನೆನೆದ ಪ್ಯಾಂಟನ್ನು ಹಿಂಡಿಕೊಂಡು ಮುಂದೆ ಹೋದೆ.

ಕಾಡಿನ ಬಾಗಿಲು

ಮಾರನೇ ದಿನ ಕಾಡಿಗೆ ಹೊರಟೆವು. ಯಾಕೆ ಕಾಯಲಿಲ್ಲ ಎಂದು ಇವತ್ತು ಮಾದೇವ ಕೇಳೇ ಕೇಳುತ್ತಾನೆ. ಅಲ್ಲದಿದ್ದರೆ ಇಷ್ಟು ದೂರ ಯಾಕೆ ಕರೆಸಿಕೊಂಡ? ಹಿರಿಯರ ಮಾತು, ಬಿಸಿಲು, ಶಾಸ್ತ್ರ ಎಂದು ಬಾಯಿಪಾಠ ಮಾಡಿಕೊಳ್ಳುತ್ತಾ ನಡೆದೆ.

ಊರಿನ ಕೊನೆಯ ಬೇಲಿ ಬಂತು. ಮಾದೇವ, ಅಗ್ನೆಸಮ್ಮ ಇಬ್ಬರೂ ಜೀಪು ನಿಂತ ಕಡೆ ಹೋಗಿದ್ದರು. ಆಗ ನನ್ನ ಕೈ ತನ್ನಷ್ಟಕ್ಕೆ ತಾನೇ ಒಂದು ಕೆಲಸ ಮಾಡಿತು. ಚಿಕ್ಕವರಿದ್ದಾಗ ನಾವಿಬ್ಬರೂ ನಾಲೆಯ ಏರಿಯ ಮೇಲೆ ಸ್ಕೂಲಿಗೆ ನಡೆದು ಹೋಗುತ್ತಿದ್ದೆವು. ಏರಿಯ ಮೇಲೆ ಒಂದು ಈಚಲು ಪೊದೆ. ಲೆಕ್ಕ ಮಾಡದೆ ಹೋದ ದಿನ ಅದರ ಗರಿಗೆ ಒಂದು ಗಂಟು ಹಾಕಿದರೆ ಮೇಷ್ಟ್ರು ಹೊಡೆಯುವುದಿಲ್ಲ ಎಂಬುದು ನಮ್ಮ ನಂಬಿಕೆ. ಸಂಜೆ ಬರುವಾಗ ಮರೆಯದೆ ಬಿಚ್ಚಬೇಕು, ಇಲ್ಲದಿದ್ದರೆ ನಾಳೆ ಎರಡರಷ್ಟು ಏಟು. ಮಾದೇವನಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಅವನದ್ದೂ ನಾನೇ ಹಾಕುತ್ತಿದ್ದೆ. ಎಷ್ಟೋ ವರ್ಷದ ಮೇಲೆ, ಬೇರೆ ದೇಶದ ಬೇಲಿಯ ಮುಂದೆ ನಿಂತು, ಇಸಾಲೆಯ ಒಂದು ಎಲೆಯನ್ನು ಬಗ್ಗಿಸಿ ಗಂಟು ಹಾಕಿದೆ. ನಾಚಿಕೆಯೂ ಆಯಿತು. ಬಿಗಿಯಲೆಂದು ಎಳೆದೆ, ಎಲೆ ಬುಡಸಮೇತ ಕಿತ್ತು ಕೈಗೆ ಬಂತು. ಹಾಕಿದ ಗಂಟನ್ನು ಬಿಸಾಡಬಾರದು. ಜೀಪು ಹಾರ್ನು ಹೊಡೆಯಿತು. ಎಲೆಯನ್ನು ಮಡಿಸಿ, ರೊಟ್ಟಿಯ ಗಂಟಿನ ಪಕ್ಕ ಚೀಲಕ್ಕೆ ತುರುಕಿದೆ.

ಕಾಡಿನ ಬಾಗಿಲಲ್ಲಿ ದೊಡ್ಡ ಫಲಕ. ಹೂವು ಕೀಳಬಾರದು, ಎಲೆ ಕೀಳಬಾರದು, ಕಲ್ಲು ಒಯ್ಯಬಾರದು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಒಳಗಿನ ಎಲೆ ನೆನಪಾಗಿ ಚೀಲದ ಬಾಯಿಯನ್ನು ಇನ್ನಷ್ಟು ಬಿಗಿದೆ. ಈಗ ಮೇಷ್ಟ್ರು ಇಬ್ಬರಾದರು.

ಮಂದಾರಾ: ಬಿದ್ದ ಎಲೆ

ಮೂರು ಗಂಟೆ ಹತ್ತಿದೆವು. ಇಲ್ಲಿಯ ಲೆಕ್ಕವೋ ನಮ್ಮ ಲೆಕ್ಕವೋ ಎಂದು ಕೇಳಬೇಡಿ, ಮೂರು ಗಂಟೆ. ಮರಗಳಿಗೆಲ್ಲ ಹಸಿರು ಗಡ್ಡ ಬಂದಿತ್ತು. ಕಾಲ್ದಾರಿಯ ಪಕ್ಕ ನಮ್ಮ ಗೌರಿ ಹೂವಿನ ಜಾತಿಯದೇ ಒಂದು ಪುಟ್ಟ ಕೆಂಪು ಹೂವು. ಬಿಳಿ ಬಾಲದ ಕಪ್ಪು ಕೋತಿಗಳು ಮೇಲಿಂದ ನಮ್ಮನ್ನು ನೋಡಿ ಏನೂ ಅನ್ನಲಿಲ್ಲ. ತುದಿ ಮುಟ್ಟಿ ಇಳಿಯುತ್ತಿದ್ದ ಬಿಳಿಯರು ಕಾಲೆಳೆದುಕೊಂಡು ಬರುತ್ತಿದ್ದರು. ಅವರ ಸಾಮಾನನ್ನು ತಲೆಯ ಮೇಲೆ ಹೊತ್ತ ಕೂಲಿಯವರು ಹಾಡಿಕೊಂಡು ಬರುತ್ತಿದ್ದರು. ಅವರೂ ನನ್ನನ್ನು ನೋಡಿ "ಪೋಲೆ ಪೋಲೆ" ಎಂದರು. ನಾನು ಆಗಲೇ ಇದಕ್ಕಿಂತ ಮೆಲ್ಲಗೆ ಹೋದರೆ ನಿಂತ ಹಾಗೆಯೇ ಎಂಬ ಸ್ಥಿತಿಯಲ್ಲಿದ್ದೆ. ಮಾದೇವ ಇಪ್ಪತ್ತು ಹೆಜ್ಜೆ ಮುಂದಿದ್ದ. ನಾನು ನಿಂತರೆ ಅವನೂ ನಿಲ್ಲುತ್ತಿದ್ದ, ಹತ್ತಿರ ಹೋದರೆ ಮತ್ತೆ ನಡೆಯುತ್ತಿದ್ದ. ಕಾಯುತ್ತಿದ್ದಾನೋ, ತಪ್ಪಿಸಿಕೊಳ್ಳುತ್ತಿದ್ದಾನೋ ಗೊತ್ತಾಗಲಿಲ್ಲ.

ಮಂದಾರಾದಲ್ಲಿ ಮರದ ಚೂಪು ಸೂರಿನ ಮನೆಗಳು, ಹೊರಗೆ ಬೆಂಚುಗಳು. ಕೊಟ್ಟಿದ್ದ ಊಟದ ಡಬ್ಬಿಯಲ್ಲಿ ಕೋಳಿಯ ಕಾಲಿತ್ತು. ಅದನ್ನು ಅಗ್ನೆಸಮ್ಮನಿಗೆ ದಾಟಿಸಿ, ಅವರಿಗೂ ಒಂದು ರೊಟ್ಟಿ, ಹುಚ್ಚೆಳ್ಳು ಪುಡಿ ಕೊಡೋಣವೆಂದು ಚೀಲದ ಬಾಯಿ ಬಿಚ್ಚಿ ರೊಟ್ಟಿಯ ಗಂಟನ್ನು ಎಳೆದೆ. ಜೊತೆಗೆ ಎಲೆಯೂ ಬಂದು ನೆಲಕ್ಕೆ ಬಿತ್ತು. ಮಡಿಕೆ ಬಿಚ್ಚಿಕೊಂಡು, ಗಂಟು ಮೇಲಾಗಿ.

ಅಗ್ನೆಸಮ್ಮ ಕೈಯಲ್ಲಿದ್ದ ಕೋಳಿಯ ಕಾಲನ್ನು ಡಬ್ಬಿಗೆ ಇಟ್ಟುಬಿಟ್ಟರು. ಪಕ್ಕದ ಬೆಂಚಿನಲ್ಲಿ ನಗುತ್ತಿದ್ದ ಇಬ್ಬರು ಕೂಲಿಯವರು ಸುಮ್ಮನಾದರು. ಸಿಕ್ಕಿಬಿದ್ದೆ ಎಂದುಕೊಂಡೆ. ಎಲೆ ಕಿತ್ತದ್ದಕ್ಕೆ ಈ ದೇಶದಲ್ಲಿ ಏನು ಶಿಕ್ಷೆಯೋ! ಗಾಬರಿಯಲ್ಲಿ ಬಗ್ಗಿ ಎಲೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು, ಬಗ್ಗಿದ ಹಾಗೇ ಮಾದೇವನ ಮುಂದೆ ಹಿಡಿದೆ. "ಇದ ಇಸ್ಕೊಳ್ಲಾ ಬಿರ್‍ನೆ," ಅಂದೆ. ಎಲ್ಲಾದರೂ ಬಚ್ಚಿಡಲಿ ಎಂದು ನನ್ನ ಉದ್ದೇಶ.

ಮಾದೇವ ಇಸಕೊಳ್ಳಲಿಲ್ಲ. ಎಲೆಯನ್ನು ನೋಡಿದ. ಗಂಟನ್ನು ನೋಡಿದ. ಆಮೇಲೆ ಅವನೂ ಎರಡೂ ಕೈ ಚಾಚಿ, ಮಗು ಎತ್ತಿಕೊಂಡ ಹಾಗೆ ಅದನ್ನು ತೆಗೆದುಕೊಂಡು, ಎದ್ದು ಮೇಲಿನ ಕಾಲ್ದಾರಿ ಹಿಡಿದು ಹೊರಟುಹೋದ. ಊಟ ಹಾಗೇ ಇತ್ತು.

"ಏನಾಯಿತು?" ಎಂದು ಅಗ್ನೆಸಮ್ಮನನ್ನು ಕೇಳಿದೆ. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಭುಜ ತಟ್ಟಿ, ತುಂಡು ತುಂಡು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ನಿಧಾನವಾಗಿ ತಿಳಿಸಿದರು. ಅವರ ಜನರಲ್ಲಿ ತಪ್ಪು ಮಾಡಿದವನು ಬಾಯಲ್ಲಿ ಕ್ಷಮೆ ಕೇಳಲು ಆಗದಿದ್ದರೆ ಇಸಾಲೆಗೆ ಗಂಟು ಹಾಕಿ ಕೊಡುತ್ತಾನೆ. ಎಷ್ಟೇ ದೊಡ್ಡ ತಪ್ಪಾದರೂ ಆ ಎಲೆಯನ್ನು ಬೇಡ ಅನ್ನುವ ಹಾಗಿಲ್ಲ. "ನಿನ್ನ ತಮ್ಮ ಇಲ್ಲೇ ಇರುವವನು, ಅವನಿಗೆ ಇದೆಲ್ಲ ಗೊತ್ತು. ನಿನ್ನೆ ನಾನು ಹೇಳಿದ್ದನ್ನು ನೀನು ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದೀಯ," ಎಂದರು.

ಕ್ಷಮೆ ಕೇಳುವುದಿಲ್ಲ ಎಂದು ಮೂರು ವರ್ಷ ಹಟ ಹಿಡಿದವನು, ರೊಟ್ಟಿ ಬಿಚ್ಚುವಾಗ ಕೇಳಿಬಿಟ್ಟಿದ್ದೆ. ಕೇಳದೆಯೇ ಕೇಳಿದ್ದಕ್ಕೆ ಅವನು ಒಪ್ಪಿಕೊಂಡೂ ಬಿಟ್ಟಿದ್ದ. ಈಗ ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ. ಬಾಯಿ ಬಿಟ್ಟರೆ ಇದ್ದದ್ದೂ ಹೋಗುತ್ತದೆ. ಸುಮ್ಮನಿರು ಎಂದು ಅಂಗಡಿಯವನ ಬುದ್ಧಿ ಹೇಳಿತು. ಆದರೆ ಅವನು ಆ ಎಲೆಯನ್ನು ಹಿಡಿದುಕೊಂಡ ರೀತಿ ಕಣ್ಣ ಮುಂದಿನಿಂದ ಹೋಗಲಿಲ್ಲ. ಅವನಿಗೆ ಒಂದು ಸಲ ಸುಳ್ಳು ಹೇಳಿ ಆಗಿದೆ. ಇನ್ನೊಂದು ಹೇಳಲು ಮನಸ್ಸು ಬರಲಿಲ್ಲ, ಎದ್ದು ಅವನ ಹಿಂದೆ ಹತ್ತಿದೆ.

ಮೌಂಡಿ ಕುಳಿಯ ಅಂಚು

ಮಂದಾರಾದಿಂದ ಇನ್ನೊಂದಿಷ್ಟು ಹತ್ತಿದರೆ ಮೌಂಡಿ ಎಂಬ ದೊಡ್ಡ ಕುಳಿ. ಹಿಂದೆಂದೋ ಬೆಂಕಿ ಕಾರಿದ್ದು, ಈಗ ಒಳಗೆಲ್ಲ ಹುಲ್ಲು. ಅದರ ಅಂಚಿನಲ್ಲಿ ಮಾದೇವ ಕೂತಿದ್ದ. ಮೋಡ ಒಂದು ಗಳಿಗೆ ಸರಿಯಿತು. ನಾನು ಮೂರು ದಿನದಿಂದ ಹುಡುಕುತ್ತಿದ್ದ ಬೆಟ್ಟ ಅವನ ಹಿಂದೆ ಇತ್ತು, ನಾನು ಹುಡುಕಿದ ಜಾಗಕ್ಕಿಂತ ಎಷ್ಟೋ ಮೇಲೆ, ಬೆಳ್ಳಗೆ. ನೋಡುವ ಪುರಸೊತ್ತು ಮಾತ್ರ ಇರಲಿಲ್ಲ. ಪಕ್ಕದಲ್ಲಿ ಕೂತೆ.

"ಇದ ನಿಂಗೆ ಯಾರು ಏಳ್ಕೊಟ್ರು? ಅಗ್ನೆಸಾ?" ಎಂದ. ಎಲೆ ಅವನ ಮಡಿಲಲ್ಲಿತ್ತು.

"ಯಾರೂ ಏಳ್ಕೊಡ್ನಿಲ್ಲ ಕಣ್ಲಾ. ಇದ್ರ ಅರ್ಥ ನಂಗೆ ಈಗ್ಲೇ ಗೊತ್ತಾಗಿದ್ದು. ಕೆಳ್ಗೆ ಕುಂತಿದ್ದಾಗ ಆಯಮ್ಮ ಏಳುದ್ರು."

ಅವನು ತಿರುಗಿ ನೋಡಿದ. "ಮತ್ತೆ ಯಾಕ್ ಗಂಟಾಕ್ದೆ?"

"ಈಚ್ಲು ಗರಿಗೆ ಆಕ್ತಿರ್ನಿಲ್ವಾ, ನಾಲೆ ಏರಿ ಮ್ಯಾಲೆ. ಮೇಷ್ಟ್ರು ಒಡೀದೆ ಇರ್ಲಿ ಅಂತ."

"ಇಲ್ಲೆಲ್ಲಣ್ಣ ಮೇಷ್ಟ್ರು?"

"ನೀನೇ ಕಣಪ್ಪ," ಅಂದೆ.

ಅವನಿಗೆ ನಗು ಬಂತೋ ಅಳು ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಖವನ್ನು ಆ ಕಡೆ ತಿರುಗಿಸಿಕೊಂಡ. ನನಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಹಿರಿಯರೂ ಇಲ್ಲ, ಬಿಸಿಲೂ ಇಲ್ಲ. ಗಿರಿಜೆಗೂ ಹೇಳದೆ ಇದ್ದದ್ದು ಬಾಯಿಗೆ ಬಂತು.

"ಚನ್ನರಾಯಪಟ್ಣದಿಂದ ನೀನು ಫೋನ್ ಮಾಡಿದ್ದೆ. ಮಣ್ಣು ಕೈನಾಗಿತ್ತು. ಜೇಬ್ನಾಗೆ ಫೋನು ಅದುರ್ತಾನೇ ಇತ್ತು. ನೀನೇ ಅಂತ ಗೊತ್ತಿತ್ತು ಕಣ್ಲಾ. ಎತ್ತಿದ್ರೆ ತಡಿಯಣ್ಣ ಅಂತೀಯ, ನೀನ್ ಅಂದ್ರೆ ನಾನು ತಡೀಬೇಕಾಯ್ತದೆ, ಅಷ್ಟ್ ಜನದ ಮುಂದೆ ತಡೀರಿ ಅನ್ನಕ್ಕೆ ನಂಗೆ ಧೈರ್ಯ ಸಾಲ್ನಿಲ್ಲ. ಅದ್ಕೆ ಎತ್ನಿಲ್ಲ. ತೆಪ್ಪಾಯ್ತು ಕಣಪ್ಪ. ಎಲೆ ಗೊತ್ತಿಲ್ದೆ ಕೊಟ್ಟೆ. ಇದ ಗೊತ್ತಿದ್ದೇ ಏಳ್ತಾ ಇವ್ನಿ."

ಮೋಡ ಮತ್ತೆ ಕವಿದು ಬಂತು. ಬೆಟ್ಟ ಹೋಯಿತು, ಕುಳಿ ಹೋಯಿತು, ನಮ್ಮ ಕಾಲುಗಳಷ್ಟೇ ಉಳಿದವು. ಎಲೆಯನ್ನು ವಾಪಸು ಕೊಡುತ್ತಾನೆ ಎಂದುಕೊಂಡು ಕೈ ಸಿದ್ಧ ಮಾಡಿಕೊಂಡೆ. ಅವನು ಅದನ್ನು ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

"ಅಣ್ಣ, ಒಂದು ಕೇಳ್ಬೇಕು. ಅದ್ಕೇ ಕರುಸ್ದೆ," ಎಂದ. "ಫೋನಾಗೆ ಕೇಳಕ್ಕೆ ಬಾಯಿ ಬರ್ನಿಲ್ಲ. ಬೇರೇರ ಕೇಳಕ್ಕೆ ಮನ್ಸ್ ಬರ್ನಿಲ್ಲ."

"ಕೇಳ್ಲಾ."

"ಅವ್ವನ್ನ ಯಾವ್ ಕಡೀಕೆ ಮಕ ಮಾಡಿ ಕೂರ್ಸುದ್ರಿ?"

ಮೂರು ವರ್ಷದಿಂದ ಅವನು ಇದೊಂದನ್ನು ಇಟ್ಟುಕೊಂಡು ಕೂತಿದ್ದ. ನಾನು ಬೈಗುಳಕ್ಕೆ ಉತ್ತರ ಕಲಿತು ಬಂದಿದ್ದೆ. ಕಣ್ಣು ಮುಚ್ಚಿ ಆ ಗುಂಡಿಯನ್ನು ನೆನಪು ಮಾಡಿಕೊಂಡೆ. ಅವ್ವ, ಹಣೆಯ ವಿಭೂತಿ, ಎದುರಿಗೆ ಅರಕಲಗೂಡಿನ ರಸ್ತೆ. ಅರಕಲಗೂಡು, ಹೊಳೆನರಸೀಪುರ, ಆಮೇಲೆ ಚನ್ನರಾಯಪಟ್ಟಣ. ಹೇಳುವ ತನಕ ನನಗೂ ಅದು ಹೊಳೆದಿರಲಿಲ್ಲ.

"ಮೂಡ್ಲಾಗಿ ಕಣ್ಲಾ," ಅಂದೆ. "ನೀನ್ ಬತ್ತಿದ್ದ ದಾರಿ ಕಡೀಕೆ."

ಮಾದೇವ ಎದ್ದು ನಿಂತ. ನಾನೂ ಎದ್ದೆ. ಮೋಡದೊಳಗೆ ನನಗೆ ಯಾವ ದಿಕ್ಕೂ ತಿಳಿಯುತ್ತಿರಲಿಲ್ಲ. ಅವನು ನನ್ನ ಎರಡೂ ಭುಜ ಹಿಡಿದು ಮೆಲ್ಲಗೆ ತಿರುಗಿಸಿದ.

"ಮೂಡ್ಲು ಇಂಗೈತೆ ಕಣಣ್ಣ," ಎಂದ. ಇಬ್ಬರೂ ಆ ಕಡೆ ಮುಖ ಮಾಡಿ ನಿಂತುಕೊಂಡೆವು.